ಕಾರಿನ ಹಗ್ಗ

ನನ್ನ ಬರಿಗೈ ನೋಡಿದವರೆಲ್ಲ ಕೇಳುತ್ತಿದ್ದುದು ಒಂದೇ ಮಾತು, "ಪಾಟ್ಲಿ ಎಲ್ಲಿ ಚನ್ನವೀರಮ್ಮಾ?" ಎಂಟು ವರ್ಷ ನಾನೂ ಒಂದೇ ಉತ್ತರ ಕೊಟ್ಟೆ: "ಅಂಗಳದಾಗ ನಿಂತಾವ ನೋಡ್ರಿ." ಕೇಳಿದವರು ಕತ್ತು ಹೊರಳಿಸಿ ನೋಡುತ್ತಿದ್ದರು. ಅಂಗಳದಲ್ಲಿ ಬೇವಿನ ಮರದ ಕೆಳಗೆ ಒಂದು ಬಿಳಿ ಕಾರು ನಿಂತಿರುತ್ತಿತ್ತು.

ತೆಲಂಗಾಣ ಬಂದ ವರ್ಷ ನಾರಾಯಣಪೇಟೆಯ ಜನರೆಲ್ಲ ಗುಲಾಲು ಎರಚಾಡಿ, ಪೇಢೆ ತಿಂದು, ಮನೆಗೆ ಹೋಗಿ ಮಲಗಿದರು. ನಮ್ಮ ಯಜಮಾನರಿಗೆ ಮಾತ್ರ ನಿದ್ದೆ ಹತ್ತಲಿಲ್ಲ. (ಗಂಡನ ಹೆಸರು ನಾನು ಹೇಳುವುದಿಲ್ಲ. ನನ್ನ ಹೆಸರಿನ ಹೊಟ್ಟೆಯಲ್ಲೇ ಅವರ ಹೆಸರಿನ ಅರ್ಧ ಕುಳಿತಿದೆ, ಬೇಕಾದವರು ತೆಗೆದುಕೊಳ್ಳಲಿ.) "ಹೊಸಾ ರಾಜ್ಯ ಬಂದೈತಿ, ಹೊಸಾ ನಂಬರ ಬಂದೈತಿ. ಈ ಪ್ಯಾಟ್ಯಾಗ ಟಿ.ಎಸ್. ನಂಬರಿನ ಮೊದಲನೇ ಕಾರು ನಮ್ಮದಾಗಬೇಕು" ಎಂದು ಎದ್ದು ಕುಳಿತರು. ನಮ್ಮದು ಸೀರೆ ಅಂಗಡಿ. ಗದ್ವಾಲದಿಂದ ಸೀರೆಯ ಗಂಟು ತರಲು ಬಸ್ಸು ಸಾಲದು ಎಂಬ ಕಾರಣವನ್ನು ಅವರು ಬೆಳಗಾದ ಮೇಲೆ ಹುಡುಕಿಕೊಂಡರು. ದುಡ್ಡು ಕಡಿಮೆ ಬಿತ್ತು. ಆಗ ಅವರ ಕಣ್ಣು ನನ್ನ ಕೈ ಮೇಲೆ ಬಿತ್ತು.

ತವರಿನವರು ಕೈಗೆ ಹಾಕಿದ ನಾಲ್ಕು ತೊಲೆಯ ಬಂಗಾರದ ಬಳೆ, ಆ ಪಾಟ್ಲಿಗಳು ಮಕ್ತಲ್‌ನ ಚಿನ್ನದ ಸಾಲದ ಆಫೀಸಿಗೆ "ಒಂದೇ ಒಂದು ವರ್ಷಕ್ಕ" ಹೋದವು. ಕಾರು ಬಂತು. ಅಷ್ಟರಲ್ಲಿ ಹಿಂದಿನ ಓಣಿಯ ಗುತ್ತೇದಾರ ಮೂರು ಕಾರು ತಂದಿದ್ದ, ಹಾಗಾಗಿ ನಮ್ಮದು ನಾಲ್ಕನೆಯದಾಯಿತು. ಪ್ರತಿ ವರ್ಷ ಯಜಮಾನರು ಹೋಗಿ ಬಡ್ಡಿ ಕಟ್ಟುವುದು, ಚೀಟಿ ಹೊಸದು ಮಾಡಿಸುವುದು, ಬರುವಾಗ ನನಗೆ ಒಂದು ಡಜನ್ ಗಾಜಿನ ಬಳೆ ತರುವುದು. ಹೀಗೆ ಎಂಟು ವರ್ಷ.

ಎರಡು ವರ್ಷದ ಹಿಂದೆ ಅವರ ಕಣ್ಣಿನ ಆಪರೇಷನ್ ಆಯಿತು. ಆಮೇಲೆ ಒಂದೇ ಸಲ ಕಾರು ತೆಗೆದರು, ನೇರವಾಗಿ ನಮ್ಮದೇ ಅಂಗಡಿಯ ಮೆಟ್ಟಿಲು ಹತ್ತಿಸಿದರು. ಅಂದಿನಿಂದ ಕಾರು ಅಂಗಳ ಬಿಟ್ಟು ಕದಲಲಿಲ್ಲ. ಹಿಂದಿನ ಸೀಟಿನಲ್ಲಿ ಬೆಕ್ಕು ಎರಡು ಸಲ ಬಾಣಂತನ ಮಾಡಿಸಿಕೊಂಡು ಹೋಯಿತು.

ಹೀಗಿರುವಾಗ ಸಾಲದ ಆಫೀಸಿನಿಂದ ಕಾಗದ ಬಂತು. ನಮ್ಮ ಸೊಸೆ ಉಮಾಶ್ರೀ ಮಕ್ತಲ್‌ನಲ್ಲಿ ಶಾಲೆಯ ಟೀಚರು, ದಿನಾ ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬರುತ್ತಾಳೆ. ಚಪ್ಪಲಿ ಬಿಡುವ ಮೊದಲೇ ಓದಿದಳು.

"ಅತ್ತಿ, ಈ ಸಲ ಬಡ್ಡಿ ಕಟ್ಟಿ ಮುಂದಕ್ಕ ಹಾಕಾಕ ಬರಂಗಿಲ್ಲಂತ. ತಿಂಗಳ ಮೂವತ್ತರೊಳಗ ಪೂರಾ ಸಾಲ ತೀರಿಸಬೇಕಂತ. ಇಲ್ಲಾಂದ್ರ ಪಾಟ್ಲಿ ಹರಾಜಂತ."

ನಾನು ಸಾಮಾನ್ಯವಾಗಿ ಸುಮ್ಮನಿದ್ದು ಕೇಳುವವಳು. ಅಂದು ಮಾತ್ರ ಬಾಯಿ ತಾನೇ ತೆರೆಯಿತು. "ಹರಾಜ ಹಾಕೋದಿದ್ರ ಆ ಬೆಕ್ಕಿನ ಮನಿ ಹಾಕ್ರಿ. ನನ್ನ ಪಾಟ್ಲಿ ಯಾಕ?"

ನಾನು ಹೊಟ್ಟೆ ಉರಿದು ಅಂದ ಮಾತು, ಸೊಸೆಯ ಕಿವಿಗೆ ಬಿದ್ದು ಉಪಾಯವಾಯಿತು. "ಕಾರು ಹರಾಜ ಹಾಕೋ ಕಂಪನಿನೇ ಅದಾವು ಅತ್ತಿ! ಹೈದರಾಬಾದಿನೋರು. ಫೋನಿನಾಗೇ ಮುಗೀತದ."

ಎರಡು ದಿನಕ್ಕೆ ಕಂಪನಿಯಿಂದ ವಿಜಯ್ ಎಂಬಾತ ಬಂದ. ಮದುವೆಯ ಫೋಟೋದವನೂ ಅಷ್ಟು ಫೋಟೋ ತೆಗೆಯುವುದಿಲ್ಲ. ಕಾರಿನ ಹೊಟ್ಟೆಯ ಕೆಳಗೂ ಮಲಗಿ ತೆಗೆದ. ಆಮೇಲೆ ಒಂದು ಫಾರಂ ತೆರೆದು ಕೇಳುತ್ತಾ ಹೋದ. ಎಷ್ಟು ಕೀಲಿ ಎಂದಾಗ ಯಜಮಾನರು ಎಷ್ಟು ಎಕರೆ ಎಂದು ಕೇಳಿದವರಿಗೆ ಹೇಳುವ ಧಾಟಿಯಲ್ಲಿ "ಎರಡು!" ಎಂದರು. ವಿಜಯ್ ಬರೆದುಕೊಂಡ. ಆ ಎರಡು ಎಂಬ ಅಂಕಿಯ ಮೇಲೆ ನಮ್ಮ ಮುಂದಿನ ಹದಿನೈದು ದಿನ ನಿಂತಿತ್ತೆಂದು ಆಗ ಯಾರಿಗೆ ಗೊತ್ತಿತ್ತು?

ಹರಾಜಿನ ದಿನ ಯಜಮಾನರು ಮದುವೆಗೆ ಹಾಕುವ ಕಪ್ಪು ಕೋಟು ತೊಟ್ಟು ಪಡಸಾಲೆಯಲ್ಲಿ ಕುಳಿತರು. ಸೊಸೆ ಫೋನು ಹಿಡಿದಳು. ತೊಂಬತ್ತು ಸಾವಿರ, ತೊಂಬತ್ತೈದು, ಒಂದು ಲಕ್ಷ ಎಂದು ಅಂಕಿ ಸದ್ದಿಲ್ಲದೆ ಏರುತ್ತಿತ್ತು.

"ಕೂಗೋರು ಎಲ್ಲಿ? ಯಾರ ಧ್ವನಿನೂ ಬರವಲ್ದು" ಎಂದರು ಯಜಮಾನರು.

"ಇದರಾಗ ಕೂಗಂಗಿಲ್ರೀ ಮಾವಾರ. ಒತ್ತತಾರ."

"ಕೂಗದಿದ್ದ ಮ್ಯಾಗ ಅದೆಂಥ ಹರಾಜು?" ಎಂದು ತಾವೇ ಎದ್ದು ನಿಂತು, "ಒಂದು ಲಕ್ಷ ಒಂದ್ಸಾರಿ! ಒಂದು ಲಕ್ಷ ಎರಡು ಸಾರಿ!" ಎಂದು ಶುರು ಮಾಡಿದರು. ಓಣಿಯವರು ಓಡಿ ಬಂದರು. ಎದುರು ಮನೆಯ ಬುಚ್ಚಮ್ಮ, ಯಾರ ಮನೆ ಹೋಗುತ್ತಿದೆ ಎಂದು ಕಣ್ಣೀರು ಹಾಕಿದಳು. ಕೊನೆಗೆ ಒಂದು ಲಕ್ಷ ಅರವತ್ತೆರಡು ಸಾವಿರಕ್ಕೆ ನಿಂತಿತು. ನನ್ನ ಪಾಟ್ಲಿಯ ಸಾಲ, ಬಡ್ಡಿ ಎಲ್ಲ ಸೇರಿ ಒಂದು ಲಕ್ಷ ನಲವತ್ತು ಸಾವಿರ. ನಾನು ಸೆರಗಿನೊಳಗೆ ಮಣಿಕಟ್ಟು ಮುಟ್ಟಿ ನೋಡಿಕೊಂಡೆ.

ಕಾರು ಒಯ್ಯಲು ವಿಜಯ್ ಬಂದ ದಿನ ನಾನೊಂದು ಕೆಲಸ ಮಾಡಿದೆ. ಅದನ್ನು ತಪ್ಪು ಎನ್ನುವವರು ಮೊದಲು ನಮ್ಮ ಮನೆಯ ಪದ್ಧತಿ ತಿಳಿಯಬೇಕು. ಎತ್ತು ಮಾರಲಿ, ಎಮ್ಮೆ ಮಾರಲಿ, ನಾವು ಹಗ್ಗ ಬಿಚ್ಚಿಕೊಂಡೇ ಕೊಡುವುದು. ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ನಮ್ಮ ಹಗ್ಗ ಹೋಯಿತೋ, ಮನೆಯ ಲಕ್ಷ್ಮಿ ಅದನ್ನೇ ಹಿಡಿದುಕೊಂಡು ಹಿಂದೆಯೇ ನಡೆಯುತ್ತಾಳೆ. ನಮ್ಮ ಕೊನೆಯ ಎತ್ತು ಮೈಲಾರಿಯನ್ನು ಮಾರಿ ಇಪ್ಪತ್ತು ವರ್ಷವಾಯಿತು, ಅವನ ಹಗ್ಗ ಇನ್ನೂ ಹಿತ್ತಲಿನ ದನದ ಮನೆಯ ಗೂಟದಲ್ಲಿತ್ತು.

ಸರಿ, ಕಾರಿಗೆ ಹಗ್ಗ ಯಾವುದು? ಬೆಳಗಿನಿಂದ ಅದನ್ನೇ ಯೋಚಿಸಿದೆ. ಮುಂದೆ ಕಟ್ಟಿದ ನಿಂಬೆಹಣ್ಣಿನ ದಾರವೇ? ಅದು ವಾರಕ್ಕೊಮ್ಮೆ ಬದಲಾಗುವಂಥದ್ದು. ಸೀಟಿನ ಪಟ್ಟಿ ನೋಡಲು ಹಗ್ಗದಂತಿತ್ತು; ಈಳಿಗೆ ಹಿಡಿದು ಕಾರಿನವರೆಗೂ ಹೋಗಿದ್ದೆ, ಆದರೆ ಕಾರು ಯಜಮಾನರನ್ನು ಕಟ್ಟುತ್ತಿದ್ದ ಪಟ್ಟಿ ಅದು, ಕಾರನ್ನು ಕಟ್ಟುವುದಲ್ಲ ಎಂದು ಹೊಳೆದು ವಾಪಸು ಬಂದೆ. ಎಬ್ಬಿಸುವುದು, ನಡೆಸುವುದು, ನಿಲ್ಲಿಸುವುದು ಯಾವುದರಿಂದ? ಕೀಲಿಯಿಂದ. ಒಂದನ್ನು ಕೊಡೋಣ, ಕಾರು ನಡೆಯಬೇಕಲ್ಲ. ಇನ್ನೊಂದು ಕಾಗದಪತ್ರದ ಜೊತೆ ಲಕೋಟೆಯಲ್ಲಿ ಮಂಚದ ಮೇಲಿತ್ತು. ಎಲ್ಲರೂ ಹೊರಗೆ ತೆಂಗಿನಕಾಯಿ ಒಡೆಯುವಾಗ ಅದನ್ನು ತೆಗೆದು, ಹಿತ್ತಲಿಗೆ ಹೋಗಿ, ಮೈಲಾರಿಯ ಹಗ್ಗಕ್ಕೆ ಕರಿದಾರದಿಂದ ಬಿಗಿದು ಕಟ್ಟಿದೆ. ಇಬ್ಬರು ಲಕ್ಷ್ಮಿಯರೂ ಒಂದೇ ಗೂಟದಲ್ಲಿ. ಮನಸ್ಸು ಹಗುರವಾಯಿತು.

ಮೂರು ದಿನದಲ್ಲಿ ದುಡ್ಡು ಬ್ಯಾಂಕಿಗೆ ಬೀಳುತ್ತದೆ ಎಂದಿದ್ದರು. ನಾಲ್ಕನೆಯ ದಿನ ಯಜಮಾನರು ಫೋನು ಹಚ್ಚಿದರು. ಅವರು ಯಾವ ಫೋನನ್ನೂ ಕಿವಿಗೆ ಹಿಡಿಯುವುದಿಲ್ಲ, ಇಡೀ ಮನೆಗೆ ಕೇಳುವಂತೆ ಜೋರು ಮಾಡಿ ಅಂಗೈಯಲ್ಲಿ ಇಟ್ಟುಕೊಳ್ಳುತ್ತಾರೆ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ.

"ಅಂಕುಲ್, ಫಾರಂಲ ರೆಂಡು ಕೀಲು ಅನಿ ರಾಸಿನ್ರು. ಒಕ್ಕಟೇ ಒಚ್ಚಿಂದಿ. ರೆಂಡೋದಿ ಒಚ್ಚೆದಾಕ ಪೇಮೆಂಟ್ ಹೋಲ್ಡು" ಎಂದ ವಿಜಯ್.

ಎರಡು ಎಂದು ಬರೆಸಿದ್ದೀರಿ, ಬಂದದ್ದು ಒಂದು, ಇನ್ನೊಂದು ಬರುವವರೆಗೆ ದುಡ್ಡಿಲ್ಲ. ನನ್ನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ಕೊಂಡವನು ತನ್ನ ಹಗ್ಗ ತಾನು ತರುವ ಪದ್ಧತಿ ಹೈದರಾಬಾದಿನಲ್ಲಿ ಇಲ್ಲವೆಂದು ನನಗೆ ಯಾರು ಹೇಳಬೇಕಿತ್ತು?

"ನಾನೇ ನನ್ನ ಕೈಯಿಂದ ಲಕೋಟಿಗೆ ಹಾಕೀನಿ! ಕದ್ದೋರು ನೀವು!" ಎಂದು ಯಜಮಾನರು ಅರ್ಧ ತಾಸು ಗುಡುಗಿದರು. ವಿಜಯ್ ಬೇಸರವಿಲ್ಲದೆ "ಹೋಲ್ಡು ಅಂಕುಲ್" ಎನ್ನುತ್ತಲೇ ಇದ್ದ.

ನಿಜ ಹೇಳಿಬಿಡಬೇಕೆಂದು ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಬಂದೆ. ಅಷ್ಟರಲ್ಲಿ ಅವರು ನನ್ನ ಕಡೆ ತಿರುಗಿ, "ಈ ಮನಿಯಾಗ ಒಂದು ವಸ್ತು ಇಟ್ಟಲ್ಲಿ ಇರಂಗಿಲ್ಲ. ನಲವತ್ತೈದು ವರ್ಷ ಆತು, ಈಕಿಗೆ ಮನಿ ಸ್ವಚ್ಛ ಇಡಾಕ ಬರಂಗಿಲ್ಲ!" ಎಂದರು.

ನಾನು ಬಾಯಿ ಮುಚ್ಚಿಕೊಂಡೆ. ಮೂವತ್ತನೇ ತಾರೀಕಿಗೆ ಇನ್ನೂ ಹತ್ತು ದಿನವಿತ್ತು.

"ಅಟ್ಟದ ಮ್ಯಾಗ ನೋಡೀರೇನ್ರೀ?" ಎಂದೆ.

ಅಟ್ಟವನ್ನು ಗುಡಿಸಿ ಏಳು ವರ್ಷವಾಗಿತ್ತು. ನನ್ನ ಮೊಣಕಾಲು ಏಣಿ ಹತ್ತುವುದಿಲ್ಲ. ಯಜಮಾನರು ತಲೆಗೆ ಟವೆಲು ಸುತ್ತಿಕೊಂಡು ಹತ್ತಿದರು. ಮೂರು ಕೊಡೆ, ಅತ್ತೆಯ ನಶ್ಯದ ಡಬ್ಬಿ, ನನ್ನ ತಾಮ್ರದ ಹಂಡೆ, ಇಲಿ ತಿಂದ ಲೆಕ್ಕದ ಪುಸ್ತಕಗಳು, ಎರಡು ಬುಟ್ಟಿ ಧೂಳು ಇಳಿದವು. ಕೀಲಿ ಇಳಿಯಲಿಲ್ಲ. ಮರುದಿನ, "ಬೀರುವಿನ ಹಿಂದ ಬಿದ್ದಿದ್ರ?" ಎಂದೆ. ಬೀರು ಸರಿಸಿದರು. ಅದರ ಮರುದಿನ, "ಕಾಳಿನ ಡಬ್ಬಿಯೊಳಗೇನರೆ..." ಎಂದೆ. ಹನ್ನೆರಡು ಡಬ್ಬಿ ಸುರಿದು, ಕಾಳು ಜರಡಿ ಹಿಡಿದು, ಬಿಸಿಲಿಗಿಟ್ಟು, ಮತ್ತೆ ತುಂಬಿದರು. ನಾನು ಮಂಚದ ಮೇಲೆ ಕುಳಿತು ಚಹಾ ಕುಡಿದೆ. ಮದುವೆಯಾದ ಮೇಲೆ ಅಷ್ಟು ರುಚಿಯ ಚಹಾ ಕುಡಿದಿರಲಿಲ್ಲ.

ಸೊಸೆ ನನ್ನ ಪಕ್ಕ ಬಂದು ಕುಳಿತಳು. "ಅತ್ತಿ, ನೀವು ತೋರಿಸಿದ ಕಡೆನೇ ಭಾಳ ಧೂಳ ಇರ್ತೈತಿ. ಹೆಂಗ?"

"ಧೂಳ ಇದ್ದ ಕಡೆನೇ ಕೀಲಿ ಬೀಳೋದವ್ವಾ" ಎಂದೆ.

ನಾಲ್ಕನೆಯ ದಿನ ಅವರು ತಾವೇ, "ಇನ್ನ ಎಲ್ಲಿ?" ಎಂದು ಕೇಳಿದರು. ನನಗೆ ಆಸೆ ಹೆಚ್ಚಾಗಿತ್ತು. "ಹಿತ್ತಲ ಕಸ ಒಂದು ಉಳದೈತ್ರೀ" ಎಂದುಬಿಟ್ಟೆ. ಮನೆ ಪೂರಾ ಕನ್ನಡಿಯಾಗಲಿ, ಸಂಜೆಗೆ ಕೀಲಿ ಬಿಚ್ಚಿಕೊಟ್ಟರಾಯಿತು ಎಂದು ನನ್ನ ಲೆಕ್ಕ. ಆ ಮಧ್ಯಾಹ್ನ ಹೊಟ್ಟೆ ತುಂಬ ಉಂಡು ನಿದ್ದೆ ಮಾಡಿದೆ.

ಸಂಜೆ ಎದ್ದು ಹಿತ್ತಲಿಗೆ ಹೋದರೆ ದನದ ಮನೆ ಸಾರಿಸಿ ರಂಗೋಲಿ ಹಾಕುವ ಹಾಗಿತ್ತು. ಗೂಟ ಇತ್ತು. ಹಗ್ಗ ಇರಲಿಲ್ಲ.

"ಏನ್ರೀ... ಇಲ್ಲಿದ್ದ ಹಗ್ಗ?"

"ನೀನೇ ಅಂದೆಲ್ಲ ಹಿತ್ತಲ ಕಸ ತೆಗೀರಿ ಅಂತ. ಆಶಪ್ಪ ಶೇಂಗಾ ಕೊಡಾಕ ಬಂದಿದ್ದ. ಎಮ್ಮಿ ಕಟ್ಟಾಕ ಹಗ್ಗ ಇಲ್ಲಂದ. ಒಯ್ಯೋ ಮಾರಾಯ ಅಂದೆ."

ಆಶಪ್ಪ ನರ್ವ ಎಂಬ ಊರಿನವನು, ಅಲ್ಲಿಯ ನಮ್ಮ ಹೊಲವನ್ನು ಪಾಲಿಗೆ ಮಾಡುವವನು. ಯಜಮಾನರ ಆಪರೇಷನ್ನಿನ ಕಣ್ಣಿಗೆ ಕರಿದಾರದೊಳಗಿನ ಕೀಲಿ ಕಂಡಿರಲಿಲ್ಲ. ನಾನು ಗೂಟ ಹಿಡಿದುಕೊಂಡು ನಿಂತೆ. ಹಗ್ಗ ಹೋದರೆ ಕೀಲಿ ಹೋಯಿತು, ಕೀಲಿ ಹೋದರೆ ದುಡ್ಡು ಹೋಯಿತು, ದುಡ್ಡು ಹೋದರೆ ಪಾಟ್ಲಿ. ಹೇಳೋಣವೆಂದರೆ ನಾಲ್ಕು ದಿನದ ಧೂಳು ಯಜಮಾನರ ಹುಬ್ಬಿನ ಮೇಲೆ ಇನ್ನೂ ಕುಳಿತಿತ್ತು. 

ಎರಡು ದಿನ ಜ್ವರ ಬಂದಂತೆ ಮಲಗಿ, ಮೂರನೆಯ ದಿನ "ಹೊಲ ನೋಡಿ ಬರ್ತೀನಿ" ಎಂದು ಸುಳ್ಳು ಹೇಳಿ ನರ್ವದ ಬಸ್ಸು ಹತ್ತಿದೆ. ಆಶಪ್ಪನ ಅಂಗಳದಲ್ಲಿ ಎಮ್ಮೆ ಇರಲಿಲ್ಲ.

"ಎಮ್ಮಿ ಎಲ್ಲೋ ಆಶಪ್ಪಾ?"

"ಮೊನ್ನೆ ಮಾರಿದ್ನಿರಿ ಅವ್ವಾರ. ಗದ್ವಾಲದ ವ್ಯಾಪಾರಿ ಬಂದಿದ್ದ. ಇಷ್ಟೊತ್ತಿಗೆ ಜೂರಾಲ ಡ್ಯಾಮ್ ದಾಟಿ ಗದ್ವಾಲದಾಗ ಹುಲ್ಲು ತಿನ್ನಾಕ ಹತ್ತಿರತದ."

ನನ್ನ ಪಾಟ್ಲಿಗಳನ್ನು ಕೊರಳಿಗೆ ಕಟ್ಟಿಕೊಂಡು ಒಂದು ಎಮ್ಮೆ ಕೃಷ್ಣೆ ದಾಟಿ ಹೋಗುತ್ತಿರುವುದು ನನ್ನ ಕಣ್ಣಿಗೆ ಕಟ್ಟಿತು.  "ಮತ್ತ... ಹಗ್ಗ?"

ಆಶಪ್ಪ ನಾನು ಏನೋ ಕೇಳಬಾರದ್ದು ಕೇಳಿದಂತೆ ನೋಡಿದ. "ಹಗ್ಗ ಯಾರು ಕೊಡ್ತಾರ್ರೀ ಅವ್ವಾರ? ಬಿಚ್ಚಿಕೊಂಡೀನಿ. ಮೈಲಾರಿ ಮಾರಿದಾಗ ನೀವೇ ಕಲಿಸಿದ್ದಲ್ಲೇನ್ರೀ?"

ಅವನ ಪಡಸಾಲೆಯ ಗೂಟದಲ್ಲಿ ಹಗ್ಗ ಕುಂಕುಮ, ವಿಭೂತಿ ಹಚ್ಚಿಸಿಕೊಂಡು ಕುಳಿತಿತ್ತು. ಅದರ ನಡುವೆ ನಮ್ಮ ಕೀಲಿ. ನಾನು ಅಲ್ಲೇ ಕೈಮುಗಿದೆ. ಆಮೇಲೆ ಕೈಚಾಚಿದೆ. ಆಶಪ್ಪ ನಡುವೆ ಬಂದು ನಿಂತ.

"ಅದು ಮುಟ್ಟಬ್ಯಾಡ್ರಿ ಅವ್ವಾರ. ಆ ತಾಯತಕ್ಕ ಭಾಳ ಪವರ್ ಐತಿ. ಕೊರಳಿಗೆ ಬಿದ್ದ ದಿನಾನೇ ಎಮ್ಮಿ ಅರ್ಧ ಸೇರು ಜಾಸ್ತಿ ಹಿಂಡಿತು. ವ್ಯಾಪಾರಿ ಕೇಳಿದಕ್ಕಿಂತ ಎರಡು ಸಾವಿರ ಜಾಸ್ತಿ ಕೊಟ್ಟ."

"ತಾಯತ ಅಲ್ಲಪಾ, ಅದು ಕಾರಿನ ಕೀಲಿ."

"ಏನರೆ ಇರ್ಲಿರಿ. ಹಗ್ಗದಾಗ ಇದ್ದದ್ದು ಕೊಟ್ರ ನನ್ನ ಲಕ್ಷ್ಮಿ ಹೋಗತಾಳ. ನಿಮಗೇ ಗೊತ್ತೈತಿ."

ಇಡೀ ಊರಿಗೆ ಹಗ್ಗದ ಮಹಿಮೆ ಹೇಳಿಕೊಟ್ಟ ನಾನು, ಆ ಪಡಸಾಲೆಯಲ್ಲಿ ನಿಂತು, "ಅದೆಲ್ಲ ಹಳೇ ಕಾಲದ ಸುಳ್ಳು ಆಶಪ್ಪಾ! ಹಗ್ಗದಾಗ ಏನೈತಿ, ನಾರು ಬಿಟ್ರ?" ಎಂದೆ. ಹೇಳಿ ಗೋಡೆ ನೋಡಿದೆ. ಒಂದು ಹಲ್ಲಿಯಿತ್ತು. ಅದು ಲೊಚಗುಟ್ಟಲಿಲ್ಲ.

ಒಂದು ತಾಸು ವಾದವಾಯಿತು. ಕೊನೆಗೆ ಕೀಲಿ ನನಗೆ, ಹಗ್ಗ ಅವನಿಗೆ, ಕೀಲಿಯ ಜಾಗಕ್ಕೆ ನನ್ನ ಮೈ ಮೇಲಿನ ಕಬ್ಬಿಣ ಏನಾದರೂ ಕೊಡಬೇಕು ಎಂದು ತೀರ್ಮಾನವಾಯಿತು. ಸೆರಗಿನ ಪಿನ್ನು ಬಿಚ್ಚಿಕೊಟ್ಟೆ. ದಾರಿಯುದ್ದಕ್ಕೂ ಸೆರಗು ಹಿಡಿದುಕೊಂಡೇ ಮನೆ ಸೇರಿದೆ. ಮೈಲಾರಿಯ ಹಗ್ಗ ನರ್ವದಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ಎಲ್ಲರೂ ಪಡಸಾಲೆಯಲ್ಲಿರುವ ಹೊತ್ತು ನೋಡಿ, "ಅಲ್ರೀ, ಹರಾಜಿನ ದಿನ ಕೋಟು ಹಾಕ್ಕೊಂಡಿದ್ರಲ್ಲ, ಅದರ ಒಳಗಿನ ಕಿಸೆ ನೋಡೀರೇನು?" ಎಂದೆ.

"ನೂರು ಸಲ ನೋಡೀನಿ" ಎನ್ನುತ್ತಾ ಕೈ ಹಾಕಿದರು. ಕೀಲಿ ಬಂತು.

"ಮಾವಾರ!" ಎಂದಳು ಸೊಸೆ. ನಾನು ಒಂದು ನಿಟ್ಟುಸಿರು ಬಿಟ್ಟೆ, ಅಷ್ಟೇ. ಅದು ಮಾತಿಗಿಂತ ಚೆನ್ನಾಗಿ ಕೆಲಸ ಮಾಡಿತು. ಯಜಮಾನರು ತಲೆ ತಗ್ಗಿಸಿದರು. ಆಮೇಲೆ ಯಾಕೋ ಕೀಲಿಯನ್ನು ಮೂಗಿನ ಹತ್ತಿರ ಒಯ್ದರು.

"ಏನ್ರೀ, ಮೂಸಾಕ ಹತ್ತೀರಿ?"

"ಏನಿಲ್ಲ" ಎಂದು ಕೀಲಿ ಒರೆಸಿ, ಅದರ ಕರಿದಾರ ಬಿಚ್ಚಿ ಕಿಸೆಗೆ ಹಾಕಿಕೊಂಡರು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಗೆದ್ದ ಸಂತೋಷದಲ್ಲಿ ಬರಲಿಲ್ಲ.

ಅಂದೇ ವಿಜಯ್‌ಗೆ ಕೀಲಿ ಮುಟ್ಟಿತು. ಇಪ್ಪತ್ತೊಂಬತ್ತನೇ ತಾರೀಕು ಮಧ್ಯಾಹ್ನ ಫೋನು ಟಿಂಗ್ ಎಂದಿತು, ಒಂದು ಲಕ್ಷ ಅರವತ್ತೆರಡು ಸಾವಿರ ಬಂತು. ಮೂವತ್ತನೇ ತಾರೀಕು ನಾವಿಬ್ಬರೂ ಮಕ್ತಲ್‌ನ ಸಾಲದ ಆಫೀಸಿನ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲಿದ್ದೆವು.

ಅಲ್ಲಿಯ ರಜಿನಿ ಎಂಬ ಹುಡುಗಿ ದುಡ್ಡು ಕಟ್ಟಿಸಿಕೊಂಡು ಪಾಟ್ಲಿ ತಂದಳು. ಎಂಟು ವರ್ಷದಿಂದ ಒಂದು ಕೆಂಪು ದಾರದಲ್ಲಿ ಚೀಟಿಯೊಂದಿಗೆ ಕಟ್ಟಿಸಿಕೊಂಡು ಕುಳಿತಿದ್ದವು. ದಾರ ಬಿಚ್ಚಿ ಪಾಟ್ಲಿ ನನ್ನ ಅಂಗೈಗಿಟ್ಟಳು. ದಾರವನ್ನು ಮೇಜಿನ ಖಾನೆಗೆ ಹಾಕಿ ಮುಚ್ಚಿದಳು.

 "ಅವ್ವಾ ರಜಿನಿ, ಆ ದಾರ ನನಗ ಕೊಡು."

"ದಾರಂ ಎಂದುಕಮ್ಮಾ?" ದಾರ ಯಾಕೆ ಎಂದು ಅವಳಿಗೆ ಅಚ್ಚರಿ.

"ಹಂಗೇ. ಅದು ನನ್ನ ಪಾಟ್ಲಿದು."

"ಆಫೀಸುದಮ್ಮಾ. ಫೈಲ್‌ಲ ಪೆಟ್ಟಾಲಿ. ರೂಲ್ಸ್ ಒಪ್ಪುಕೋವು" ಎಂದು ನಕ್ಕಳು. ದಾರ ಆಫೀಸಿನದು, ಫೈಲಿಗಿಡಬೇಕು, ಕೊಡಲು ರೂಲ್ಸ್ ಒಪ್ಪುವುದಿಲ್ಲವಂತೆ.

"ಚಿನ್ನ ಕೈಗೆ ಬಂದೈತಿ, ದಾರಕ್ಕ ಜಗಳೇನು? ನಡಿ" ಎಂದರು ಯಜಮಾನರು. ಖಾನೆ ನೋಡುತ್ತಲೇ ಹೊರಗೆ ಬಂದೆ.

ಬಸ್‌ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲು ಕೊಡಿಸಿದರು. ಅಷ್ಟು ಪ್ರೀತಿ ಯಾಕೆಂದು ಕೇಳುವ ಮೊದಲೇ ಫೋನು ತೆಗೆದು ತೋರಿಸಿದರು. ನೀಲಿ ಬಣ್ಣದ ಒಂದು ಕಾರು.

"ಸುಮ್ನ ನೋಡಾಕ. ಹರಾಜು ಮುಗಿಯಾಕ ಇನ್ನ ಹದಿನೆಂಟು ನಿಮಿಷ ಐತಿ."

"ನಡೆಸೋರು ಯಾರ್ರೀ?"

"ಉಮಾಶ್ರೀ ಕಲೀತಾಳಂತ. ಈ ಫೋಟೋ ಆಕಿನೇ ಕಳಿಸ್ಯಾಳ."

"ದುಡ್ಡು?" ಎಂದು ಪಾಟ್ಲಿಯ ಕೈ ಎರಡನ್ನೂ ಸೆರಗಿನೊಳಗೆ ಎಳೆದುಕೊಂಡೆ.

ಯಜಮಾನರು ಕಿಸೆಯಿಂದ ಒಂದು ಕಾಗದದ ಪುಡಿಕೆ ತೆಗೆದು ಬಿಚ್ಚಿದರು. ಒಳಗೆ ಆ ಕರಿದಾರ, ಅದಕ್ಕೆ ಅಂಟಿದ ಸೆಗಣಿ, ಎಮ್ಮೆಯ ನಾಲ್ಕು ಕೂದಲು.

"ನನ್ನ ಕೋಟಿನಾಗ ಎಮ್ಮಿ ಯಾವಾಗ ಹೊಕ್ಕಿತ್ತು ಅಂತ ಭಾಳ ಯೋಚನಿ ಮಾಡಿದೆ" ಎಂದರು. "ನಿನ್ನೆ ಆಶಪ್ಪನ ಫೋನ್ ಬಂತು. ಅವ್ವಾರು ಕೊಟ್ಟ ಪಿನ್ನಿಗೆ ಕೀಲಿಯಷ್ಟು ಪವರ್ ಇಲ್ರೀ ಅಂದ."

ಅವರು ಸಿಟ್ಟಿಗೆದ್ದಿದ್ದರೆ ನಾನು ಅತ್ತು ಪಾರಾಗುತ್ತಿದ್ದೆ. ಅವರು ನಗುತ್ತಿದ್ದರು.

"ನಾಕು ದಿನ ಚನ್ನೀ. ಹನ್ನೆರಡು ಡಬ್ಬಿ ಕಾಳು ಜರಡಿ ಹಿಡದೀನಿ. ಬುಚ್ಚಮ್ಮಗ ಹೇಳಲೇನು? ಓಣಿಗೆ ಹೇಳಲೇನು?" ಎಂದು ಫೋನು ನೋಡಿ, "ಹದಿನಾರು ನಿಮಿಷ" ಎಂದರು.

ಹನ್ನೆರಡನೆಯ ದಿನ ನಾನು ಮತ್ತೆ ರಜಿನಿಯ ಮುಂದೆ ಕುಳಿತಿದ್ದೆ. ಅವಳು ಪಾಟ್ಲಿ ತೂಗಿ, ಖಾನೆ ಎಳೆದು, ಅದೇ ಕೆಂಪು ದಾರ ತೆಗೆದಳು. ಫೈಲಿಗೆ ಹೋಗಿರಲೇ ಇಲ್ಲ, ನಮ್ಮ ದಾರಿ ಕಾಯುತ್ತಿತ್ತು. "ಒಂದೇ ವರ್ಷಕ್ಕ" ಎಂದರು ಯಜಮಾನರು.

ಹೊಸ ಕಾರಿನ ಎರಡನೆಯ ಕೀಲಿಯನ್ನು ಅವರು ತಮ್ಮ ಉಡದಾರಕ್ಕೆ ಕಟ್ಟಿಕೊಂಡಿದ್ದಾರೆ, ಸ್ನಾನಕ್ಕೂ ಬಿಚ್ಚುವುದಿಲ್ಲ. ಮನೆಯ ಅಟ್ಟದ ಮೇಲೆ ಮತ್ತೆ ಧೂಳು ಕೂಡುತ್ತಿದೆ. ನಿನ್ನೆ ಬುಚ್ಚಮ್ಮ ಬಂದವಳು ನನ್ನ ಕೈ ನೋಡಿ, "ಪಾಟ್ಲಿ ಬಿಡಿಸಿಕೊಂಡ್ರಿ ಅಂದ್ರಲ್ಲ, ಎಲ್ಲಿ ಚನ್ನವೀರಮ್ಮಾ?" ಎಂದು ಕೇಳಿದಳು.

"ಅಂಗಳದಾಗ ನಿಂತಾವ ನೋಡವ್ವಾ" ಎಂದೆ. "ಈ ಸಲ ನೀಲಿ."